ಓದುಗರ ಪ್ರಶ್ನೆ: ಎರಡು ಊರಲ್ಲಿ ಸರ್ವರ್ ಇದ್ದರೂ ಸೈಟ್ ನಿಲ್ಲುವುದೇಕೆ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ, ಜೋಳದ ರೊಟ್ಟಿ, ಪೇಡೆಗಳನ್ನು ಪುಣೆ, ಮುಂಬೈ ಕನ್ನಡಿಗರಿಗೆ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಮುಂಬೈ ಸರ್ವರ್ ಜೊತೆಗೆ ಹೈದರಾಬಾದಿನಲ್ಲೊಂದು ಇಟ್ಟು, ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಎರಡೂ ಐಪಿ, ಅಂದರೆ ಎರಡೂ ಸರ್ವರ್‌ಗಳ ಅಂಕಿ ವಿಳಾಸ, ಹಾಕಿದ್ದೇವೆ. ಆದರೂ ಮುಂಬೈಯದು ಕೆಟ್ಟಾಗ ಅರ್ಧದಷ್ಟು ಗಿರಾಕಿಗಳಿಗೆ 502 ಎಂಬ ಸರ್ವರ್ ದೋಷದ ಸಂದೇಶ ಬಂತು. ಎರಡನೆಯದನ್ನು ನವಿ ಮುಂಬೈಗೆ ತಂದರೆ ಸರಿಹೋದೀತೇ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ದಯವಿಟ್ಟು ತರಬೇಡಿ. 2020ರ ಅಕ್ಟೋಬರ್ 12ರಂದು ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಕರೆಂಟು ಒಟ್ಟಿಗೇ ಹೋಗಿತ್ತು. ಹೈದರಾಬಾದೇ ಸರಿ.

ತೊಂದರೆ ಇರುವುದು ಡಿಎನ್‌ಎಸ್‌ನಲ್ಲಿ. ಎರಡು ಐಪಿ ಬರೆದರೆ ಅದು ಸರದಿಯಂತೆ ಹಂಚುತ್ತದೆಯೇ ಹೊರತು ಯಾವ ಸರ್ವರ್ ಸರಿಯಿದೆ ಎಂದು ನೋಡುವುದಿಲ್ಲ. ಸಂಪರ್ಕವೇ ಸಿಗದಿದ್ದರೆ ಬ್ರೌಸರ್ ಇನ್ನೊಂದು ಐಪಿಯನ್ನು ಪ್ರಯತ್ನಿಸಬಹುದು. 502 ಬಂದರೆ ಅದೂ ಒಂದು ಉತ್ತರವೇ. ಬ್ರೌಸರ್ ಅಲ್ಲೇ ನಿಲ್ಲುತ್ತದೆ.

ಹೆಲ್ತ್ ಚೆಕ್ (ಸರ್ವರ್ ಸರಿಯಿದೆಯೇ ಎಂಬ ತಪಾಸಣೆ) ಇರುವ ಡಿಎನ್‌ಎಸ್ ಸೇವೆಗೆ ಹೋಗಿ. 30 ಸೆಕೆಂಡಿಗೊಮ್ಮೆ ತಪಾಸಣೆ, ಸತತ 3 ಸಲ ಸೋತರೆ ಆ ಐಪಿ ಹೊರಗೆ, ಟಿಟಿಎಲ್ (ಡಿಎನ್‌ಎಸ್ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) 60 ಸೆಕೆಂಡು ಎಂದಿಟ್ಟರೆ, ಸುಮಾರು ಎರಡೂವರೆ ನಿಮಿಷದಲ್ಲಿ ಬಹುತೇಕರು ಹೈದರಾಬಾದಿಗೆ ತಿರುಗುತ್ತಾರೆ. ಈಗ ಟಿಟಿಎಲ್ 86400 ಸೆಕೆಂಡು, ಅಂದರೆ ಒಂದು ದಿನ, ಇದ್ದರೆ ಒಂದು ದಿನ ಮುಂಚೆಯೇ ಇಳಿಸಿ. ತಪಾಸಣೆಯ ಪುಟ ತನ್ನ ಊರಿನ ಡೇಟಾಬೇಸಿನಿಂದ ಒಂದು ಸಾಲಾದರೂ ಓದಬೇಕು. ಇಲ್ಲದಿದ್ದರೆ ಡೇಟಾಬೇಸ್ ಬಿದ್ದಾಗಲೂ ‘ಸರಿಯಿದೆ’ ಎನ್ನುತ್ತದೆ. ಪೇಮೆಂಟ್ ಗೇಟ್‌ವೇಯನ್ನು ಮಾತ್ರ ಅದಕ್ಕೆ ಸೇರಿಸಬೇಡಿ. ಗೇಟ್‌ವೇ ನಿಂತ ಕ್ಷಣ ಎರಡೂ ಸರ್ವರ್ ಕೆಟ್ಟವೆಂದು ಲೆಕ್ಕವಾಗುತ್ತದೆ.

ನಿಜವಾದ ಕಷ್ಟ ಡೇಟಾಬೇಸಿನದು. ಬರೆಯುವುದು ಮುಂಬೈಯಲ್ಲಿ ಮಾತ್ರ ಇರಲಿ, ಹೈದರಾಬಾದಿನಲ್ಲಿ ಅದರ ಪ್ರತಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ, ಪ್ರತಿ ಕಮಿಟ್‌ಗೂ (ಡೇಟಾಬೇಸಿನಲ್ಲಿ ಬರೆದದ್ದನ್ನು ಖಾಯಂ ಮಾಡುವುದು) ಹೈದರಾಬಾದಿನ ಒಪ್ಪಿಗೆ ಕಾದರೆ 10 ಮಿಲಿಸೆಕೆಂಡಿನ ಆಸುಪಾಸು ತಡ. ಅದನ್ನು ಸಹಿಸಬಹುದು. ಆದರೆ ನಡುವಿನ ಲಿಂಕ್ ಕಡಿದರೆ ಮುಂಬೈಯಲ್ಲೂ ಆರ್ಡರ್ ನಿಲ್ಲುತ್ತದೆ. ನಿಮ್ಮ ವ್ಯಾಪಾರಕ್ಕೆ ಕಾಯದೆ ನಕಲು ಮಾಡುವ ಅಸಿಂಕ್ರೊನಸ್ ವಿಧಾನವೇ ಸಾಕು. ಕೆಟ್ಟಾಗ ಕಳೆದುಹೋಗುವ ಕೊನೆಯ ಕೆಲವು ಆರ್ಡರ್‌ಗಳನ್ನು ಗೇಟ್‌ವೇಯ ದಾಖಲೆಯೊಡನೆ ತಾಳೆ ನೋಡಿ ಹುಡುಕಿ.

ಹೈದರಾಬಾದಿನ ಪ್ರತಿಯನ್ನು ತಾನಾಗಿಯೇ ಮುಖ್ಯ ಡೇಟಾಬೇಸ್ ಆಗಲು ಬಿಡಬೇಡಿ. ಎದುರಿನದು ಸತ್ತಿದೆಯೋ, ಲಿಂಕ್ ಕಡಿದಿದೆಯೋ ಎಂಬುದು ಎರಡೇ ತಾಣಗಳಿದ್ದಾಗ ಗೊತ್ತಾಗುವುದಿಲ್ಲ. ಎರಡೂ ಬರೆಯತೊಡಗಿದರೆ ಒಂದೇ ಪೇಡೆ ಡಬ್ಬ ಇಬ್ಬರಿಗೆ ಮಾರಿಹೋಗುತ್ತದೆ. ಚೆನ್ನೈಯಂಥ ಮೂರನೆಯ ಊರಿನಲ್ಲಿ ಯಾವುದು ಮುಖ್ಯವಾಗಬೇಕೆಂದು ಮತ ಹಾಕುವ ಸಣ್ಣ ನೋಡ್ (ಸರ್ವರ್) ಇಡುವವರೆಗೆ ಕೈಯಿಂದಲೇ ಬದಲಿಸಿ: ಮೊದಲು ಮುಂಬೈಯಲ್ಲಿ ಬರೆಯುವುದನ್ನು ಖಚಿತವಾಗಿ ನಿಲ್ಲಿಸಿ, ಆಮೇಲೆ ಹೈದರಾಬಾದನ್ನು ಏರಿಸಿ. ಅಷ್ಟು ಹೊತ್ತು ಹೈದರಾಬಾದಿನ ಸೈಟ್ ಬೆಲೆಪಟ್ಟಿಯನ್ನಷ್ಟೇ ತೋರಿಸಲಿ.

ಗೇಟ್‌ವೇ, ಎಸ್‌ಎಂಎಸ್ ಸೇವೆಗಳ ಅನುಮತಿ ಪಟ್ಟಿಯಲ್ಲಿ ಎರಡೂ ಐಪಿ ಇರಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯ ಸರ್ಟಿಫಿಕೇಟನ್ನು (ಸೈಟಿನ ಸುರಕ್ಷತಾ ಪ್ರಮಾಣಪತ್ರ) ಡಿಎನ್‌ಎಸ್ ವಿಧಾನದಲ್ಲಿ ನವೀಕರಿಸಿ. ಎಚ್‌ಟಿಟಿಪಿ ವಿಧಾನದಲ್ಲಿ (ಸೈಟಿನ ಒಂದು ಪುಟವನ್ನು ತೆರೆದು ನೋಡುವುದು) ಅವರ ತಪಾಸಣೆ ಬೇರೆ ಸರ್ವರ್‌ಗೆ ಹೋಗಿ ವಿಫಲವಾಗಬಹುದು. ಪ್ರತಿ ಸರ್ವರ್ ಒಂಟಿಯಾಗಿ ಪೂರ್ತಿ ಹೊರೆ ಹೊರಬೇಕು, ಆದ್ದರಿಂದ ದಿನನಿತ್ಯದ ಸಿಪಿಯು ಬಳಕೆ ಶೇ. 45 ದಾಟದಿರಲಿ.

ಪ್ರಶ್ನೆ: ಹತ್ತಿರದ ಸರ್ವರ್‌ಗೆ ಕಳಿಸುವ ಡಿಎನ್‌ಎಸ್ ಹಾಕಿದರೂ ಗೋವಾದ ಕೆಲವರು ಮುಂಬೈ ಬಿಟ್ಟು ಸಿಂಗಪುರಕ್ಕೆ ಹೋಗುತ್ತಾರೆ, ಏಕೆ?
– ಓದುಗರು, ವಾಸ್ಕೊ

ಉತ್ತರ: ಡಿಎನ್‌ಎಸ್‌ಗೆ ಸಾಮಾನ್ಯವಾಗಿ ಕಾಣುವುದು ಗಿರಾಕಿಯ ವಿಳಾಸವಲ್ಲ, ಅವರ ಪರವಾಗಿ ಡಿಎನ್‌ಎಸ್ ಕೇಳುವ ರಿಸಾಲ್ವರ್ ಎಂಬ ಸರ್ವರ್‌ನ ವಿಳಾಸ. ರಿಸಾಲ್ವರ್ ಸಿಂಗಪುರದಲ್ಲಿದ್ದರೆ ಉತ್ತರವೂ ಅಲ್ಲಿನದೇ. ಕ್ಲೈಂಟ್ ಸಬ್‌ನೆಟ್ ಮಾಹಿತಿಯನ್ನು (ರಿಸಾಲ್ವರ್ ಜೊತೆಗೆ ಕಳಿಸುವ ಗಿರಾಕಿಯ ವಿಳಾಸದ ಭಾಗ) ನಿಮ್ಮ ಡಿಎನ್‌ಎಸ್ ಸೇವೆ ಗಮನಿಸುವಂತೆ ಮಾಡಿ. ಗೂಗಲ್‌ನ ರಿಸಾಲ್ವರ್ 8.8.8.8 ಅದನ್ನು ಕಳಿಸುತ್ತದೆ, ಕ್ಲೌಡ್‌ಫ್ಲೇರ್‌ನ 1.1.1.1 ಕಳಿಸುವುದಿಲ್ಲ.