ನಕ್ಷೆಯಲ್ಲಿ ಕಂಡ ಚುಕ್ಕೆಗಳ ಬಗ್ಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೋಡಿಟ್ಟ ಅಪಾರ್ಟ್‌ಮೆಂಟಿನ ಆಸುಪಾಸಿನಲ್ಲಿ, ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ತೋರಿಸುವ ಸರ್ಕಾರಿ ಮೇಗನ್ಸ್ ಲಾ ವೆಬ್‌ಸೈಟು ಮೂರು ನಾಲ್ಕು ಚುಕ್ಕೆ ತೋರಿಸಿತು, ಲೀಸ್‌ಗೆ ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ ಅಂದಮೇಲೆ ಎದೆ ಝಲ್ಲೆನ್ನುವುದು ಸಹಜವೇ. ಆದರೆ ಚುಕ್ಕೆ ಕಂಡಿತೆಂದು ಮನೆ ಬಿಡಬೇಡಿ, ಚುಕ್ಕೆಯಿಲ್ಲದ ಬೀದಿ ಸಿಕ್ಕಿತೆಂದು ಮೈಮರೆಯಲೂ ಬೇಡಿ.

1994ರಲ್ಲಿ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಮೇಗನ್ ಕಾಂಕಾಳನ್ನು ಎದುರುಮನೆಯವನೇ ಅತ್ಯಾಚಾರ ಮಾಡಿ ಕೊಂದ. ಇಂಥದೇ ಅಪರಾಧಕ್ಕೆ ಅವನು ಹಿಂದೆಯೂ ಶಿಕ್ಷೆ ಅನುಭವಿಸಿದ್ದ. ಹೆತ್ತವರಿಗೆ ಅದು ಗೊತ್ತೇ ಇರಲಿಲ್ಲ. ಇಂಥವರ ಬಗ್ಗೆ ಅಕ್ಕಪಕ್ಕದವರಿಗೆ ತಿಳಿಸಲೇಬೇಕೆಂಬ ಕಾನೂನು, ಅಂದರೆ ಮೇಗನ್ಸ್ ಲಾ, ಹುಟ್ಟಿದ್ದು ಆ ಸಂಕಟದಿಂದ. 1996ರಲ್ಲಿ ಅದು ಇಡೀ ದೇಶಕ್ಕೆ ಬಂತು. ಭಾರತದಲ್ಲಿ 2018ರಲ್ಲಿ ಶುರುವಾದ ಲೈಂಗಿಕ ಅಪರಾಧಿಗಳ ಪಟ್ಟಿಯನ್ನು ಪೊಲೀಸರು ಮಾತ್ರ ನೋಡಬಹುದು, ಹಾಗಾಗಿ ಇಲ್ಲಿನದು ನಿಮಗೆ ಹೊಸದು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಅಪರಾಧಕ್ಕೆ ಶಿಕ್ಷೆಯಾಗಿ ಬಿಡುಗಡೆಯಾದವರು ಪ್ರತಿವರ್ಷ ಹುಟ್ಟುಹಬ್ಬದ ಆಸುಪಾಸಿನಲ್ಲಿ ಪೊಲೀಸರ ಹತ್ತಿರ ಹೋಗಿ ವಿವರ ಕೊಡಬೇಕು. ಮನೆ ಬದಲಿಸಿದರೆ ಐದು ಕೆಲಸದ ದಿನಗಳೊಳಗೆ ತಿಳಿಸಬೇಕು, ಮನೆಯೇ ಇಲ್ಲದವರು 30 ದಿನಕ್ಕೊಮ್ಮೆ. ಈ ನೋಂದಣಿಗೆ 2021ರಿಂದ, ಅಪರಾಧಕ್ಕೆ ತಕ್ಕಂತೆ, ಮೂರು ಹಂತಗಳಿವೆ: ಕನಿಷ್ಠ 10 ವರ್ಷ, 20 ವರ್ಷ, ಜೀವನಪೂರ್ತಿ. ಇದು ದಿನವೂ ಬೆನ್ನಹಿಂದೆ ಇರುವ ಕಾವಲು ಅಂದುಕೊಳ್ಳಬೇಡಿ. ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟುವುದು ಮುಖ್ಯವಾಗಿ ಪರೋಲ್ (ಜೈಲಿನಿಂದ ಬಂದ ಮೇಲೆ ಇರುವ ಸರ್ಕಾರಿ ನಿಗಾ) ಮೇಲಿರುವವರಿಗೆ. ಪರೋಲ್ ಮುಗಿದ ಮೇಲೆ ಹೆಚ್ಚಿನವರ ಪಾಲಿಗೆ ಉಳಿಯುವುದು ನೋಂದಣಿಯೊಂದೇ. ಮೊದಲ ಹಂತದವರ ಹೆಸರು ಸಾಮಾನ್ಯವಾಗಿ ವೆಬ್‌ಸೈಟಿನಲ್ಲಿ ಇರುವುದೇ ಇಲ್ಲ, ಎಷ್ಟೋ ಜನರದು ವಿಳಾಸವಿಲ್ಲದೆ ಬರೀ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದಂತೆ) ಇರುತ್ತದೆ. ಆದ್ದರಿಂದ ಚುಕ್ಕೆ ಒತ್ತಿ, ಯಾವ ಅಪರಾಧ ಎಂದು ಓದಿ. ನಿಮ್ಮ ಲೀಸ್‌ನಲ್ಲೂ ಈ ವೆಬ್‌ಸೈಟಿನ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಎಲ್ಲ ಬಾಡಿಗೆ ಕರಾರಿನಲ್ಲೂ ಅದು ಕಡ್ಡಾಯ, ಆ ಕಟ್ಟಡದಲ್ಲಿ ಏನೋ ಇದೆ ಎಂದಲ್ಲ.

ವೆಬ್‌ಸೈಟಿನಲ್ಲಿ ಕಾಣುವ ಅವರ ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿ ಜನರನ್ನು ಎಬ್ಬಿಸಲು ಮಾತ್ರ ಹೋಗಬೇಡಿ. ಈ ಮಾಹಿತಿ ಇಟ್ಟುಕೊಂಡು ಯಾರನ್ನಾದರೂ ಕಾಡಿದರೆ ಕಾನೂನು ತಿರುಗುವುದು ನಿಮ್ಮ ಮೇಲೆ. ವೀಸಾದ ಮೇಲಿರುವವರಿಗೆ ಪೊಲೀಸ್ ಕೇಸು ಸಣ್ಣ ವಿಷಯವಲ್ಲ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡುವವರಲ್ಲಿ ಹೆಚ್ಚಿನವರು ಗುರುತಿನವರೇ: ನೆಂಟರು, ಮನೆಗೆ ಬಂದುಹೋಗುವವರು, ಪಾಠ ಹೇಳಿಕೊಡುವವರು. ಒಮ್ಮೆಯೂ ಸಿಕ್ಕಿಬೀಳದವರು ಯಾವ ನಕ್ಷೆಯಲ್ಲೂ ಇಲ್ಲ. ಯಾರೇ ಆಗಲಿ, ಮುಟ್ಟಬಾರದ ಕಡೆ ಮುಟ್ಟಿದರೆ, "ಅಮ್ಮನಿಗೆ ಹೇಳಬೇಡ" ಅಂದರೆ, ಆಗಲೇ ಬಂದು ಹೇಳಬೇಕೆಂದು ಮಗಳಿಗೆ ಕಲಿಸಿ. ಅವಳು ಹೇಳಿದಾಗ ಗದರಬೇಡಿ, ನಂಬಿ. ಡೇಕೇರಿಗೆ ಸೇರಿಸುವಾಗ ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇಲ್ಲಿ ಅದಕ್ಕೆ ಯಾರೂ ಬೇಸರಪಡುವುದಿಲ್ಲ.

ಚುಕ್ಕೆಗಳ ವಿವರ ಓದಿದ ಮೇಲೂ ಮನಸ್ಸು ಒಪ್ಪಿದರೆ, ಶಾಲೆ, ಬಾಡಿಗೆ ಹೊಂದಿದರೆ, ಸಹಿ ಹಾಕಿ.