1.75 ಅಂದರೆ ಯಾವುದರ 1.75?

ಪ್ರಿಯ ತಂಗಿ,

ಲೇಖನ ತಲುಪಿತು. ಭಾಷೆ ಸಲೀಸಾಗಿದೆ, ಕಾಗುಣಿತವೂ ಪರವಾಗಿಲ್ಲ. ಶ್ರೀರಂಗಪಟ್ಟಣದ ನಿಮ್ಮ ದೊಡ್ಡಪ್ಪ ಮಾತ್ರ ನನ್ನ ನಿದ್ದೆ ಕೆಡಿಸಿದರು. ಮಿದುಳಿನ ಗಡ್ಡೆ ತೆಗೆಸಿ, ರೇಡಿಯೇಷನ್ ಮುಗಿಸಿ, ಮುಂದಿನ ಸ್ಕ್ಯಾನಿನಲ್ಲಿ ಮತ್ತೆ ಬಿಳಿ ಮಚ್ಚೆ. ಗಡ್ಡೆ ಮರಳಿ ಬಂತೋ, ರೇಡಿಯೇಷನ್‌ಗೆ ಆ ಜಾಗ ಸತ್ತುಹೋಗಿದೆಯೋ? ಮಚ್ಚೆ ಎರಡರಲ್ಲೂ ಒಂದೇ ಥರ ಕಾಣಬಹುದು. ಅದಕ್ಕೇ ರಕ್ತದ ಪ್ರಮಾಣ ನೋಡುವ ಪರ್ಫ್ಯೂಷನ್ ಎಂಆರ್‌ಐ ಮಾಡಿಸಿದರು ಅಂತೀರಿ. ಸರಿ.

ಆಮೇಲೆ ಈ ಸಾಲು: "ರಕ್ತದ ಪ್ರಮಾಣ 1.75 ದಾಟಿದರೆ ಕ್ಯಾನ್ಸರ್ ಖಚಿತ."

ಸಿಟ್ಟು ಬಂತು ಕಣಮ್ಮಾ. 1.75 ಏನು? ಲೀಟರೇ, ಚಮಚವೇ? ಗಡ್ಡೆಯ ಜಾಗದ ರಕ್ತ, ಮಿದುಳಿನ ಎದುರು ಪಕ್ಕದ ಆರೋಗ್ಯವಾದ ವೈಟ್ ಮ್ಯಾಟರ್‌ನಲ್ಲಿ (ಒಳಗಿನ ಬಿಳಿ ಭಾಗದಲ್ಲಿ) ಇರುವುದರ ಎಷ್ಟು ಪಟ್ಟು ಅನ್ನುವುದು ಅದು. 'ಪಟ್ಟು' ಬಿಟ್ಟಿರಿ, ಸಾಲು ಸತ್ತಿತು. 'ಕ್ಯಾನ್ಸರ್ ಖಚಿತ' ಇನ್ನೂ ಕೆಟ್ಟದ್ದು. 2003ರ ಒಂದು ಅಧ್ಯಯನದಲ್ಲಿ ಆ ಗೆರೆ ಎಳೆದದ್ದು ಗ್ಲಯೋಮಾ ಅನ್ನುವ ಮಿದುಳಿನ ಗಡ್ಡೆ ನಿಧಾನ ಬೆಳೆಯುವ ಕೆಳದರ್ಜೆಯದೋ, ಬೇಗ ಬೆಳೆಯುವ ಮೇಲ್ದರ್ಜೆಯದೋ ಅಂತ ಬೇರ್ಪಡಿಸಲು. ದೊಡ್ಡಪ್ಪನ ಪ್ರಶ್ನೆಯೇ ಬೇರೆ, ಅಲ್ವಾ? ಆ ಬೇರ್ಪಡಿಸುವುದರಲ್ಲೂ ಗೆರೆ ಖಚಿತವಲ್ಲ: ಆಲಿಗೋಡೆಂಡ್ರೋಗ್ಲಯೋಮಾ ಅನ್ನುವ ಒಂದು ಬಗೆಯ ಗ್ಲಯೋಮಾ ಕೆಳದರ್ಜೆಯದಾದರೂ ರಕ್ತ ಜಾಸ್ತಿ ಕಾಣಬಹುದು.

ಮಂಡ್ಯದ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ಇದೇ ಮಾಡಿದ್ದೆ. "ಕನ್ನಂಬಾಡಿಯಲ್ಲಿ 98 ಅಡಿ ನೀರು" ಅಂತ ಬರೆದು ಕೊಟ್ಟೆ. ಸಂಪಾದಕರು ಹಾಳೆ ವಾಪಸ್ ಎಸೆದರು. "ತುಂಬಿದರೆ ಎಷ್ಟು? ಹೋದ ವರ್ಷ ಇದೇ ದಿನ ಎಷ್ಟಿತ್ತು? ಭತ್ತದ ಒಟ್ಲು ಹಾಕಬೇಕೋ ಬೇಡವೋ ಅಂತ ಕೂತಿರೋನು ಬರೀ 98 ಇಟ್ಕೊಂಡು ಏನ್ಮಾಡ್ಲಯ್ಯ?" ತುಂಬಿದ ಮಟ್ಟ 124.80 ಅಡಿ. ಈಗಲೂ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ.

ಇನ್ನೊಂದು ಸಾಲು: "ಔಷಧ ಹೋದ ಕಡೆಯೆಲ್ಲ ಬೆಳಗುತ್ತದೆ." ಬಿಳಿ ಮಚ್ಚೆ ತೋರಿಸುವ ಮಾಮೂಲಿ ಸ್ಕ್ಯಾನಿಗೆ ಅದು ಸರಿ. ನೀವು ವಿವರಿಸುವ ವಿಧಾನದಲ್ಲಿ ಉಲ್ಟಾ. ಗ್ಯಾಡೋಲಿನಿಯಂ ಇರುವ ಆ ಔಷಧವನ್ನು ಕೈಯ ನಾಳಕ್ಕೆ ರಭಸವಾಗಿ ಬಿಡುತ್ತಾರೆ. ಅದು ಮಿದುಳು ದಾಟುವ ಕೆಲವೇ ಸೆಕೆಂಡು ಚಿತ್ರ ಕಪ್ಪಾಗುತ್ತದೆ. ಎಷ್ಟು ಕಪ್ಪಾಯಿತು ಅನ್ನುವುದರಿಂದಲೇ ರಕ್ತದ ಲೆಕ್ಕ ತೆಗೆಯುವುದು. ಗಡ್ಡೆಯ ನಾಳಗಳಿಂದ ಔಷಧ ಹೊರಗೆ ಸೋರಿದರೆ ಲೆಕ್ಕ ತಪ್ಪುತ್ತದೆ, ಅದನ್ನೂ ಸರಿಪಡಿಸಬೇಕು. ಇಷ್ಟು ಸೊಗಸಾದ ವಿಷಯ ಬಿಟ್ಟು ಸುಮ್ನೆ ನಾಲ್ಕು ಸಲ 'ಅದ್ಭುತ ತಂತ್ರಜ್ಞಾನ' ಅಂದಿದ್ದೀರಿ.

ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ದೊಡ್ಡಪ್ಪನಿಗೆ ಎಷ್ಟು ಪಟ್ಟು ಬಂತು, ಡಾಕ್ಟರು ಅದನ್ನು ನೋಡಿ ಏನಂದರು, ಅದೂ ಇರಲಿ. 'ರಕ್ತ ಬಿಚ್ಚಿಟ್ಟ ರಹಸ್ಯ' ಅನ್ನುವ ಶೀರ್ಷಿಕೆಯನ್ನಂತೂ ನಾನು ಹಾಕುವುದಿಲ್ಲ.