ತಂಬಾಕು ಇಲ್ಲದ ಪಾನ್ ಮಸಾಲಾ ತಿಂದರೂ ಬಾಯಿ ಯಾಕೆ ಬಿಗಿಯುತ್ತದೆ?

ನಿಮ್ಮ ತಮ್ಮನ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ, ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರದ ಕೆಳಗೆ ನಾರು ತುಂಬಿ ಬಿಗಿಯುವ ಕಾಯಿಲೆ) ಎಂದಿದ್ದಾರೆ, ಅವನು ತಿನ್ನುತ್ತಿದ್ದದ್ದು ತಂಬಾಕು ಇಲ್ಲದ ಪಾನ್ ಮಸಾಲಾ ಮಾತ್ರ, ಹಾಗಿದ್ದೂ ಹೀಗೇಕಾಯಿತು ಎಂದು ಕೇಳಿದ್ದೀರಿ. ನಾನು ದಂತವೈದ್ಯೆ, ಮಲೆನಾಡಿನವಳು. ನಮ್ಮ ಮನೆ ನಡೆದದ್ದೇ ಅಡಿಕೆಯಿಂದ. ಆದರೂ ನೇರವಾಗಿ ಹೇಳುತ್ತೇನೆ: ಈ ಕಾಯಿಲೆ ಬರಲು ತಂಬಾಕು ಬೇಕಾಗಿಲ್ಲ, ಪಾನ್ ಮಸಾಲಾದಲ್ಲಿರುವ ಅಡಿಕೆಯೊಂದೇ ಸಾಕು.

ಕೈ ಕೊಯ್ದುಕೊಂಡಾಗ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದೇ ಉರಿಯೂತ. ಬಿಳಿರಕ್ತಕಣಗಳು ಬಂದು ಜಾಗ ಶುಚಿ ಮಾಡುತ್ತವೆ. ಅಲ್ಲಿಂದ ಹೊರಡುವ ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಸುತ್ತಲಿನ ಫೈಬ್ರೋಬ್ಲಾಸ್ಟ್ ಜೀವಕೋಶಗಳನ್ನು ಎಬ್ಬಿಸುತ್ತದೆ. ಅವು ಕೊಲಾಜೆನ್ ಎಂಬ ನಾರು ತಯಾರಿಸಿ, ಗಾಯದ ಅಂಚುಗಳನ್ನು ಎಳೆದು ಕೂಡಿಸುತ್ತವೆ. ಕೆಲಸ ಮುಗಿದ ಮೇಲೆ ಈ ಕೋಶಗಳಲ್ಲಿ ಹೆಚ್ಚಿನವು ತಾವಾಗಿ ಸಾಯುತ್ತವೆ, ಹೆಚ್ಚುವರಿ ನಾರನ್ನು ಕಿಣ್ವಗಳು ಕರಗಿಸುತ್ತವೆ. ಗಾಯ ಮಾಯುತ್ತದೆ.

ಆದರೆ ಕೆರಳಿಸುವ ವಸ್ತು ದಿನಕ್ಕೆ ಹತ್ತು ಸಲ ಅದೇ ಕೆನ್ನೆಯ ಸಂದಿಗೆ ಬಂದು ಕೂತರೆ ಕೆಲಸ ಮುಗಿಯುವುದು ಯಾವಾಗ? ರಿಪೇರಿ ನಡೆಯುತ್ತಲೇ ಇರುತ್ತದೆ, ನಾರು ತುಂಬುತ್ತಲೇ ಹೋಗುತ್ತದೆ. ಹೆಪಟೈಟಿಸ್‌ನಲ್ಲಿ ಯಕೃತ್ತಿಗೂ, ಕಲ್ಲುಪುಡಿ ಕುಡಿದ ಶ್ವಾಸಕೋಶಕ್ಕೂ ಆಗುವುದು ಹೆಚ್ಚುಕಡಿಮೆ ಇದೇ.

ಅಡಿಕೆಯ ವಿಷಯದಲ್ಲಿ ಇನ್ನೂ ಕೆಟ್ಟದ್ದೊಂದಿದೆ. ಅದು ಬರೀ ಕೆರಳಿಸಿ ಸುಮ್ಮನಾಗುವುದಿಲ್ಲ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ನಾರು ತಯಾರಿಸುವ ಕೋಶಗಳನ್ನು ನೇರವಾಗಿ ಪ್ರಚೋದಿಸುತ್ತದೆ. ಒಗರು ಕೊಡುವ ಟ್ಯಾನಿನ್ ನಾರಿಗೆ ಅಂಟಿಕೊಂಡು, ಕಿಣ್ವಗಳಿಗೆ ಕರಗದಂತೆ ಮಾಡುತ್ತದೆ. ಜೊತೆಗೆ ಅಡಿಕೆಯಲ್ಲಿ ತಾಮ್ರದ ಅಂಶ ಜಾಸ್ತಿ. ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವ ಕೆಲಸ ಮಾಡುವುದು ತಾಮ್ರದ ಬಲದಿಂದಲೇ. ಅಂದರೆ ಉತ್ಪತ್ತಿ ಹೆಚ್ಚು, ಕರಗುವುದು ಕಡಿಮೆ, ಇದ್ದದ್ದೂ ಬಿಗಿ. ತಂಬಾಕಿನ ಮೇಲಷ್ಟೇ ಕಣ್ಣಿಟ್ಟವರಿಗೆ ಇದು ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಸರಿಯೇ. ಆದರೆ ‘ತಂಬಾಕು ರಹಿತ’ ಎಂದು ಬರೆದ ಪೊಟ್ಟಣವನ್ನು ಹುಡುಗರು ಏನೂ ಆಗದ ತಿಂಡಿಯ ಹಾಗೆ ತಿನ್ನುತ್ತಾರೆ. ಇದು ನನಗೆ ನಿಜವಾಗಿ ಸಂಕಟ ತರುವ ವಿಷಯ.

ಇದರ ಸೂಚನೆ ಬಾಯಿ ಬಿಗಿಯುವುದಕ್ಕೆ ಬಹಳ ಮೊದಲೇ ಸಿಗುತ್ತದೆ. ಖಾರದ ಚಟ್ನಿ ಬಾಯಿಗಿಟ್ಟರೆ ಸಾಕು, ಉರಿ. ಆಮೇಲೆ ಕೆನ್ನೆಯ ಒಳಭಾಗ ಗುಲಾಬಿ ಬಣ್ಣ ಕಳೆದುಕೊಂಡು ಅಮೃತಶಿಲೆಯ ಹಾಗೆ ಬಿಳಿಚಿಕೊಳ್ಳುತ್ತದೆ. ನಾರು ಒತ್ತಿ ರಕ್ತನಾಳಗಳು ಕಮ್ಮಿಯಾಗುವುದೇ ಅದಕ್ಕೆ ಕಾರಣ. ಒಳಗೆ ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಗಟ್ಟಿ ಪಟ್ಟಿಗಳು ಕೈಗೆ ಸಿಗುತ್ತವೆ. ಕೆಲವರಲ್ಲಿ ಕಿರುನಾಲಿಗೆ ಮುರುಟಿ ಹೋಗಿರುತ್ತದೆ, ನಾಲಿಗೆ ಹೊರಚಾಚಲು ಆಗುವುದಿಲ್ಲ.

ಬಿಟ್ಟರೆ ವಾಸಿಯಾಗುತ್ತದೆಯೇ ಎಂದೂ ಕೇಳಿದ್ದೀರಿ. ಪೂರ್ತಿ ಮೊದಲಿನಂತಾಗುವುದು ಕಷ್ಟ. ವೈರಸ್ ಹೋದ ಮೇಲೆ ಯಕೃತ್ತಿನ ನಾರು ಎಷ್ಟೋ ಮಂದಿಯಲ್ಲಿ ಇಳಿಯುತ್ತದೆ, ಬಾಯಿಯಲ್ಲಿ ಬೆಸೆದುಕೊಂಡ ನಾರು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಗಟ್ಟಿಯಾದ ಜಾಗದ ಬಿಗುಪೇ ಇನ್ನಷ್ಟು ಟಿಜಿಎಫ್-ಬೀಟಾವನ್ನು ಬಿಡಿಸುತ್ತದೆ. ಹಾಗಂತ ಬಿಟ್ಟು ಪ್ರಯೋಜನವಿಲ್ಲ ಎಂದುಕೊಳ್ಳಬೇಡಿ. ತಿನ್ನುವುದು ನಿಲ್ಲದೆ ಯಾವ ಚಿಕಿತ್ಸೆಯೂ ಹತ್ತುವುದಿಲ್ಲ. ನಿಲ್ಲಿಸಿದ ಮೇಲೆ ದಿನವೂ ಬಾಯಿ ತೆರೆಯುವ ವ್ಯಾಯಾಮ, ಪಟ್ಟಿಗಳ ಒಳಗೆ ಸ್ಟೀರಾಯ್ಡ್ ಮತ್ತು ಹಯಲುರೋನಿಡೇಸ್ (ಬಿಗಿದ ಅಂಗಾಂಶ ಸಡಿಲಿಸುವ ಕಿಣ್ವ) ಇಂಜೆಕ್ಷನ್ ಕೊಟ್ಟರೆ ಉರಿ ತಗ್ಗುತ್ತದೆ, ಬಾಯಿಯೂ ಸ್ವಲ್ಪ ಸಡಿಲವಾಗುತ್ತದೆ. ತೀರಾ ಬಿಗಿದಿದ್ದರೆ ಪಟ್ಟಿ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಅದಾದ ಮೇಲೂ ವ್ಯಾಯಾಮ ಬಿಡುವಂತಿಲ್ಲ.

ಕ್ಯಾನ್ಸರ್ ಭಯ ಸುಳ್ಳಲ್ಲ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಗಮನಿಸಿದಾಗ ಶೇ. 7.6 ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಅದಕ್ಕೇ ತಮ್ಮನನ್ನು ಈ ವಾರವೇ ಹತ್ತಿರದ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗಕ್ಕೆ ಕರೆದುಕೊಂಡು ಹೋಗಿ. ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ ಎಂದು ಅಳೆಸಿ ಬರೆಸಿಟ್ಟುಕೊಳ್ಳಿ. ಎಲ್ಲಾದರೂ ಮಾಯದ ಹುಣ್ಣೋ ಕೆಂಪು ಮಚ್ಚೆಯೋ ಇದ್ದರೆ ಬಯಾಪ್ಸಿಗೆ (ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆಗೆ) ಹಿಂಜರಿಯಬೇಡಿ.